ಮೆಡೂಸಾ: ಕಾವಲಿನ ಮುಖ, ನೊಂದವಳ ಮುಖ

ತಲೆಯ ತುಂಬ ಕೂದಲಿನ ಬದಲು ಹಾವುಗಳು. ದಿಟ್ಟಿಸಿ ನೋಡಿದವರು ಕಲ್ಲಾಗಿಬಿಡುವಂಥ ಮುಖ. ಗ್ರೀಕ್ ಪುರಾಣದ ಮೆಡೂಸಾ ಎಂದೊಡನೆ ಕಣ್ಣ ಮುಂದೆ ಬರುವ ಚಿತ್ರವಿದು. ಗಾರ್ಗನ್ ಎಂದು ಕರೆಯಲಾಗುವ ಮೂವರು ಸೋದರಿಯರಲ್ಲಿ ಸಾವಿದ್ದುದು ಇವಳೊಬ್ಬಳಿಗೇ. ವೀರ ಪರ್ಸಿಯಸ್ ದೇವತೆಗಳ ನೆರವು ಪಡೆದು, ಅವಳ ಮುಖ ನೋಡದೆಯೇ ತಲೆ ಕಡಿದನೆಂಬುದು ಕಥೆ. ಸುಮಾರು 2,700 ವರ್ಷಗಳಿಂದ ಕಲಾವಿದರು ಈ ಕಥೆಯನ್ನು ಚಿತ್ರಿಸುತ್ತ ಬಂದಿದ್ದಾರೆ. ಆದರೆ ಮೆಡೂಸಾಳ ಮುಖ ಒಂದೇ ತೆರನಾಗಿ ಉಳಿದಿಲ್ಲ.

ಮೊದಮೊದಲು ಆಕೆ ಕಾವಲುಗಾರ್ತಿ. ಗ್ರೀಸ್‌ನ ಕಾರ್ಫು ದ್ವೀಪದಲ್ಲಿ ಕ್ರಿ.ಪೂ. 580ರ ಸುಮಾರಿಗೆ ಕಟ್ಟಿದ ಆರ್ಟೆಮಿಸ್ ದೇವಾಲಯದ ನೆತ್ತಿಯಲ್ಲಿ ಸುಮಾರು 9 ಅಡಿ ಎತ್ತರದ ಮೆಡೂಸಾ ಇದ್ದಳು. ಅಗಲವಾದ ಮುಖ, ಉಬ್ಬಿದ ಕಣ್ಣು, ಸೊಂಟಕ್ಕೆ ಹಾವುಗಳ ಪಟ್ಟಿ. ಪಕ್ಕದಲ್ಲೇ ಆಕೆಯ ಮಕ್ಕಳಾದ ಪೆಗಾಸಸ್ ಎಂಬ ರೆಕ್ಕೆಯ ಕುದುರೆ ಮತ್ತು ಕ್ರಿಸಾವೊರ್. ಪುರಾಣದ ಪ್ರಕಾರ ಇವರು ಹುಟ್ಟಿದ್ದು ಆಕೆಯ ತಲೆ ಕಡಿದ ಮೇಲೆ. ಶಿಲ್ಪದಲ್ಲಿ ಮಾತ್ರ ತಲೆ ಸ್ವಸ್ಥಾನದಲ್ಲಿಯೇ ಇದೆ! ಇಲ್ಲಿ ಕಥೆಗಿಂತ ಮುಖ್ಯವಾದದ್ದು ಕೆಡುಕನ್ನು ಬಾಗಿಲಾಚೆಯೇ ತಡೆಯುವ ಆ ನೋಟ. ಯೋಧರ ಗುರಾಣಿಗಳ ಮೇಲೂ ಇದೇ ಮುಖವಿರುತ್ತಿತ್ತು.

ನೂರೈವತ್ತು ವರ್ಷ ಕಳೆಯುವಷ್ಟರಲ್ಲಿ ಆ ಭಯ ಕರಗತೊಡಗಿತು. ಕ್ರಿ.ಪೂ. 450-440ರ ನಡುವಿನದೆನ್ನಲಾದ ಅಥೆನ್ಸ್‌ನ ಮಣ್ಣಿನ ಪಾತ್ರೆಯೊಂದು ಈಗ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಅದರ ಮೇಲಿನ ಮೆಡೂಸಾ ನಿದ್ದೆಹೋದ ಸುಂದರ ತರುಣಿ. ಪರ್ಸಿಯಸ್ ಮುಖ ತಿರುಗಿಸಿಕೊಂಡು ಕತ್ತಿ ಹಿಡಿದಿದ್ದಾನೆ. ನೋಡುವವರ ಕನಿಕರ ಸಹಜವಾಗಿಯೇ ಮಲಗಿದವಳತ್ತ ಹೊರಳುತ್ತದೆ.

ಈ ಕನಿಕರಕ್ಕೆ ಕಾರಣವನ್ನು ಒದಗಿಸಿದವನು ರೋಮನ್ ಕವಿ ಓವಿಡ್. ಕ್ರಿ.ಶ. 8ರ ಸುಮಾರಿಗೆ ಪೂರ್ಣಗೊಂಡ ಅವನ 'ಮೆಟಮಾರ್ಫಸಿಸ್' ಕಾವ್ಯದಲ್ಲಿ ಮೆಡೂಸಾ ಮೂಲತಃ ಚೆಲುವೆ. ಸಮುದ್ರದೇವನು ಮಿನರ್ವಾ ದೇವಿಯ ಗುಡಿಯಲ್ಲೇ ಅವಳ ಮೇಲೆ ಅತ್ಯಾಚಾರ ಎಸಗುತ್ತಾನೆ. ದೇವಿಯ ಸಿಟ್ಟು ತಿರುಗುವುದು ನೊಂದವಳ ಮೇಲೆ. ಚೆಂದದ ಕೂದಲು ಹಾವಾಗುತ್ತದೆ. ತಪ್ಪು ಒಬ್ಬನದು, ಶಿಕ್ಷೆ ಮತ್ತೊಬ್ಬಳಿಗೆ.

ಆದರೂ ಮುಂದಿನ ಕಲಾವಿದರಲ್ಲಿ ಹಲವರು ಹಿಡಿದದ್ದು ಪರ್ಸಿಯಸ್‌ನ ಪಕ್ಷವನ್ನೇ. ಇಟಲಿಯ ಫ್ಲಾರೆನ್ಸ್ ನಗರದ ಚೌಕದಲ್ಲಿ 1554ರಲ್ಲಿ ಅನಾವರಣಗೊಂಡ ಬೆನ್ವೆನುತೊ ಚೆಲ್ಲಿನಿಯ ಕಂಚಿನ ಪ್ರತಿಮೆಯಲ್ಲಿ ಪರ್ಸಿಯಸ್ ಅವಳ ದೇಹವನ್ನು ಮೆಟ್ಟಿ, ರುಂಡವನ್ನು ಎತ್ತಿ ಹಿಡಿದಿದ್ದಾನೆ. ಅದನ್ನು ಮಾಡಿಸಿದವನು ಡ್ಯೂಕ್ ಮೊದಲನೆಯ ಕೊಸಿಮೊ. ತನ್ನ ವಿರೋಧಿಗಳಿಗೆ ಆತ ಕೊಟ್ಟ ಎಚ್ಚರಿಕೆಯೆಂದೇ ಅದನ್ನು ಅರ್ಥೈಸುವುದುಂಟು. 1597ರ ಸುಮಾರಿಗೆ ಕಾರವಾಜ್ಜಿಯೊ ಉಬ್ಬಿದ ಗುರಾಣಿಯ ಮೇಲೆ ಬರೆದ ಚಿತ್ರ ಬೇರೆಯೇ ಬಗೆಯದು. ಕಡಿದ ತಲೆ ಬಾಯ್ತೆರೆದು ಚೀರುತ್ತಿದೆ. ಇಲ್ಲಿ ಹೆದರಿರುವವಳು ಮೆಡೂಸಾ!

ಚೆಲ್ಲಿನಿಗೆ ಉತ್ತರವೆಂಬಂತೆ ಅರ್ಜೆಂಟೀನಾ ಮೂಲದ ಶಿಲ್ಪಿ ಲೂಸಿಯಾನೊ ಗರ್ಬಾಟಿ 2008ರಲ್ಲಿ ದೃಶ್ಯವನ್ನು ತಿರುವುಮುರುವಾಗಿಸಿದರು. ಅವರ ಮೆಡೂಸಾಳ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಪರ್ಸಿಯಸ್‌ನ ರುಂಡ. ರುಂಡವನ್ನು ಆಕೆ ಎತ್ತಿ ಮೆರೆಸುತ್ತಿಲ್ಲ. ಕೈ ಕೆಳಗಿದೆ, ಮುಖದಲ್ಲಿ ಗೆದ್ದ ಹಿಗ್ಗಿಲ್ಲ. 2020ರ ಅಕ್ಟೋಬರ್‌ನಲ್ಲಿ ಈ ಶಿಲ್ಪದ ಕಂಚಿನ ಪ್ರತಿಯನ್ನು ನ್ಯೂಯಾರ್ಕ್‌ನ ಕ್ರಿಮಿನಲ್ ನ್ಯಾಯಾಲಯದ ಎದುರಿನ ಉದ್ಯಾನದಲ್ಲಿ ಕೆಲವು ತಿಂಗಳ ಮಟ್ಟಿಗೆ ನಿಲ್ಲಿಸಲಾಯಿತು. ಲೈಂಗಿಕ ದೌರ್ಜನ್ಯದ ವಿರುದ್ಧದ 'ಮೀ ಟೂ' ಚಳವಳಿಯ ಕಾವು ಇನ್ನೂ ಆರದಿದ್ದ ದಿನಗಳವು.

ಮೆಚ್ಚಿದವರಂತೆ ಟೀಕಿಸಿದವರೂ ಇದ್ದರು. ಕತ್ತಿಗೆ ತಲೆಕೊಟ್ಟವನು ಪರ್ಸಿಯಸ್; ಅತ್ಯಾಚಾರ ಎಸಗಿದ ಸಮುದ್ರದೇವ ಎಲ್ಲಿ ಎಂಬುದು ಅವರ ಪ್ರಶ್ನೆ. ಅದು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಕಾವಲಿಗೆ ನಿಂತವಳು, ಮಲಗಿದವಳು, ಚೀರಿದವಳು, ಕೊನೆಗೆ ಕತ್ತಿ ಹಿಡಿದವಳು – ಕಲೆ ಮೆಡೂಸಾಳನ್ನು ಹೀಗೆ ಬಗೆಬಗೆಯಾಗಿ ಕಂಡಿದೆ. ಆದರೆ ಈ ಯಾವ ಕೃತಿಯಲ್ಲೂ ನಿಜವಾದ ಅಪರಾಧಿ ಕಟಕಟೆಗೆ ಬಂದಿಲ್ಲ.