ಅರಬ್ ನಾಡಿನ ಸುದ್ದಿ, ದಂಡಿನ ಬೀದಿ

ಕಮರ್ಷಿಯಲ್ ಸ್ಟ್ರೀಟ್ ಎಂದೊಡನೆ ನಮಗೆ ನೆನಪಾಗುವುದು ಬಟ್ಟೆ, ಒಡವೆ, ಪಾದರಕ್ಷೆಗಳ ಅಂಗಡಿಸಾಲು. 1809ರಲ್ಲಿ ಬ್ರಿಟಿಷರು ಸ್ಥಾಪಿಸಿದ ದಂಡಿನೊಡನೆ ಬೆಳೆದ ಬಡಾವಣೆಯಿದು. ಇಲ್ಲಿಂದ ಸ್ವಲ್ಪ ದೂರ ನಡೆದರೆ ಮಸೀದಿ, ದೇವಾಲಯ, ಸಂತ ಮೇರಿ ಬೆಸಿಲಿಕಾ ಎಲ್ಲವೂ ಸಿಗುತ್ತವೆ. ಈ ದಂಡು ಪ್ರದೇಶಕ್ಕೆ ಪಶ್ಚಿಮ ಏಷ್ಯಾದ ರಾಜಕೀಯ ಎರಡು ಬಾರಿ ಬಂದು ತಟ್ಟಿತು. ಎರಡು ಬಾರಿಯೂ ಅದು ಧರ್ಮದ ಹೆಸರಿನಲ್ಲೇ ಬಂದಿತು. ಆದರೆ ಪರಿಣಾಮ ಒಂದೇ ಆಗಿರಲಿಲ್ಲ.

ಮೊದಲನೆಯದು ಖಿಲಾಫತ್ ಚಳವಳಿ. ಒಂದನೇ ಮಹಾಯುದ್ಧದಲ್ಲಿ ಸೋತ ತುರ್ಕಿಯ ಸುಲ್ತಾನನ ಖಲೀಫ ಪದವಿ ಉಳಿಯಬೇಕೆಂದು ಭಾರತದ ಮುಸ್ಲಿಮರು ಒತ್ತಾಯಿಸಿದರು. ಗಾಂಧೀಜಿಯವರು ಅದನ್ನು ಅಸಹಕಾರದೊಡನೆ ಬೆಸೆದರು. 1920ರ ಆಗಸ್ಟ್‌ನಲ್ಲಿ ಮೌಲಾನಾ ಶೌಕತ್ ಅಲಿಯವರೊಡನೆ ಬೆಂಗಳೂರಿಗೂ ಬಂದರು. ಆಗ ದಂಡು ಮೈಸೂರು ಮಹಾರಾಜರ ಕೈಯಲ್ಲಿರಲಿಲ್ಲ, ಬ್ರಿಟಿಷರ ನೇರ ಆಡಳಿತದಲ್ಲಿತ್ತು. ಹಿಂದೂ ಮುಸ್ಲಿಂ ಐಕ್ಯವೇ ಆ ದಿನಗಳ ಘೋಷಣೆಯಾಗಿತ್ತು.

ಇಲ್ಲೊಂದು ವಿಚಿತ್ರವುಂಟು. ನಮ್ಮವರು ಖಲೀಫನಿಗಾಗಿ ಹೋರಾಡುವ ಮೊದಲೇ, 1916ರಲ್ಲಿ, ಮೆಕ್ಕಾದ ಷರೀಫ್ ಹುಸೇನ್ ಬ್ರಿಟಿಷರ ನೆರವಿನಿಂದ ಅದೇ ಖಲೀಫನ ವಿರುದ್ಧ ದಂಗೆಯೆದ್ದಿದ್ದ. ಅರಬ್ಬರಲ್ಲಿ ಅನೇಕರಿಗೆ ಅದು ಸ್ವಂತ ನಾಡಿನ, ಅಧಿಕಾರದ ಪ್ರಶ್ನೆ. ಕೊನೆಗೆ 1924ರಲ್ಲಿ ತುರ್ಕರೇ ಆ ಪದವಿಯನ್ನು ರದ್ದುಪಡಿಸಿದರು.

ಎರಡನೆಯ ಸುದ್ದಿ ಇರಾಕಿನದು. 2006ರ ಡಿಸೆಂಬರ್ 30ರಂದು ಸದ್ದಾಂ ಹುಸೇನರನ್ನು ಗಲ್ಲಿಗೇರಿಸಲಾಯಿತು. ಆ ದಿನವೇ ಇರಾಕಿನ ಸುನ್ನಿಗಳಿಗೆ ಬಕ್ರೀದ್. ಅಮೆರಿಕದ ಮೇಲಿನ ಕೋಪ ಜಗತ್ತಿನ ಹಲವೆಡೆ ಬೀದಿಗಿಳಿಯಿತು. ಆದರೆ ಸದ್ದಾಂ ಧರ್ಮಗುರುವಾಗಿರಲಿಲ್ಲ. ಅವರ ಬಾತ್ ಪಕ್ಷದ ಸ್ಥಾಪಕರಲ್ಲಿ ಒಬ್ಬರಾದ ಮಿಷೆಲ್ ಅಫ್ಲಾಕ್ ಡಮಾಸ್ಕಸ್‌ನ ಕ್ರೈಸ್ತ. ಅವರ ಮಂತ್ರಿ ತಾರಿಕ್ ಅಜೀಜ್ ಕೂಡ ಕ್ರೈಸ್ತ. ದುಜೈಲ್ ಊರಿನ 148 ಮಂದಿ ಷಿಯಾಗಳ ಕೊಲೆ ಅವರ ಮೇಲಿನ ಆರೋಪವಾಗಿತ್ತು. 1988ರಲ್ಲಿ ಹಲಬ್ಜಾದಲ್ಲಿ ವಿಷಾನಿಲಕ್ಕೆ ಬಲಿಯಾದ ಕುರ್ದರಲ್ಲಿ ಹೆಚ್ಚಿನವರು ಮುಸ್ಲಿಮರೇ. ಇರಾಕಿನ ಬಾವುಟದ ಮೇಲೆ 'ಅಲ್ಲಾಹು ಅಕ್ಬರ್' ಎಂದು ಸದ್ದಾಂ ಬರೆಸಿದ್ದು 1991ರಲ್ಲಿ, ಕುವೈತ್ ಯುದ್ಧ ಹತ್ತಿರ ಬಂದಾಗ. ಅಧಿಕಾರಕ್ಕೆ ಸಂಕಟ ಬಂದಾಗ ಧರ್ಮ ನೆನಪಾಗುವುದು ಯಾವ ನಾಡಿಗೂ ಹೊಸದಲ್ಲ.

2007ರ ಜನವರಿ 19, ಶುಕ್ರವಾರ. ಗಲ್ಲುಶಿಕ್ಷೆಯನ್ನು ಖಂಡಿಸಿ ಶಿವಾಜಿನಗರದಲ್ಲಿ ಸಭೆ ಏರ್ಪಟ್ಟಿತು. ಆ ಸಂದರ್ಭದಲ್ಲಿ ಕಲ್ಲು ತೂರಾಟ ನಡೆದು ಅಂಗಡಿ, ವಾಹನಗಳಿಗೆ ಹಾನಿಯಾಯಿತು. 21ರ ಭಾನುವಾರ ನಗರದಲ್ಲಿ ವಿರಾಟ್ ಹಿಂದೂ ಸಮಾಜೋತ್ಸವ. ಅಂದು ಗಲಭೆ ಮತ್ತೆ ಭುಗಿಲೆದ್ದಿತು. ಬಾಲಕನೊಬ್ಬ ಪ್ರಾಣ ಕಳೆದುಕೊಂಡ. ದಂಡು ಪ್ರದೇಶದ ಹಲವು ಭಾಗಗಳಲ್ಲಿ ಕರ್ಫ್ಯೂ ಜಾರಿಯಾಯಿತು.

ಅಷ್ಟರಲ್ಲಿ ಇರಾಕಿನ ಮಾತು ಎಲ್ಲಿ ಹೋಯಿತು? ಬಾಗ್ದಾದಿನಲ್ಲಿ ಆ ದಿನಗಳ ಕಾದಾಟ ಹೆಚ್ಚಾಗಿ ಷಿಯಾ ಮತ್ತು ಸುನ್ನಿಗಳ ನಡುವೆ. ಅಲ್ಲಿನ ಕ್ರೈಸ್ತರೂ ಪ್ರಾಣಭಯದಿಂದ ಊರು ಬಿಡುತ್ತಿದ್ದರು. ಇಲ್ಲಿಗೆ ಬರುವ ಹೊತ್ತಿಗೆ ಅದು ಹಿಂದೂ ಮುಸ್ಲಿಂ ಜಗಳವಾಗಿತ್ತು. ಸುದ್ದಿ ಅರಬ್ ನಾಡಿನದಾದರೂ ಕಿಚ್ಚಿಗೆ ಸೌದೆ ನಮ್ಮ ಊರಿನದೇ.

1920ರಲ್ಲಿ ದೂರದ ಸುದ್ದಿಯನ್ನು ನಮ್ಮ ನಾಯಕರು ಜನರನ್ನು ಕೂಡಿಸಲು ಬಳಸಿದರು. 2007ರಲ್ಲಿ ಅಂಥದೇ ಸುದ್ದಿಯ ನಂತರ ನೆರೆಹೊರೆ ಬೇರೆಯಾಯಿತು. ಎರಡು ಸಲವೂ ಅರಬ್ಬರ ನಿಜಸ್ಥಿತಿಯನ್ನು ತಿಳಿದುಕೊಳ್ಳುವ ತಾಳ್ಮೆ ನಮಗೆ ಕಡಿಮೆಯಿತ್ತು. ಮೊದಲನೆಯ ಸಲ ಆ ಅಜ್ಞಾನದ ಬೆಲೆ ನಿರಾಸೆ. ಎರಡನೆಯ ಸಲದ ಬೆಲೆಯನ್ನು ತೆತ್ತದ್ದು ದುಜೈಲಿಗೂ ಬಾಗ್ದಾದಿಗೂ ಸಂಬಂಧವೇ ಇಲ್ಲದ ಒಂದು ಮನೆ.

ಕರ್ಫ್ಯೂ ಸಡಿಲವಾದ ಮೇಲೆ ಅಂಗಡಿಗಳ ಬಾಗಿಲು ಮತ್ತೆ ತೆರೆದವು. ವ್ಯಾಪಾರಿಗೆ ಗಿರಾಕಿಯ ಧರ್ಮ ಕೇಳಿ ಬದುಕಲಾಗದು. ಈ ಬೀದಿ ದಿನವೂ ಪಾಲಿಸುವ ಈ ತಿಳಿವಳಿಕೆ, ದೂರದ ಸುದ್ದಿ ಬಂದ ದಿನವೂ ನಮ್ಮಲ್ಲಿ ಉಳಿಯಬೇಕು.