ಅಲೆಪ್ಪೋ ಕುರು

ಸಿರಿಯಾ ದೇಶದ ಅಲೆಪ್ಪೋ ನಗರದಲ್ಲಿ ವೈದ್ಯನಾಗಿದ್ದ ಅಲೆಗ್ಸಾಂಡರ್ ರಸ್ಸೆಲನು ೧೭೫೬ರಲ್ಲಿ ಆ ಊರಿನ ವೃತ್ತಾಂತವನ್ನು ಬರೆದು ಪ್ರಕಟಿಸಿದನು. ಅಲ್ಲಿಯವರ ಮುಖದಲ್ಲಿ ಏಳುತ್ತಿದ್ದ ಒಂದು ಹಟಮಾರಿ ಕುರುವಿನ ವರ್ಣನೆ ಅದರಲ್ಲಿ ಉಂಟು. ಈ ಬಗೆಯ ಹುಣ್ಣನ್ನೇ ಬಾಗ್ದಾದ್ ಕುರು, ದೆಹಲಿ ಕುರು ಎಂದೂ ಕರೆದರು. ಸ್ವಂತ ಊರಿನ ಹೆಸರನ್ನು ಹುಣ್ಣಿಗೆ ಯಾರು ತಾನೆ ಇಟ್ಟಾರು? ಪರಸ್ಥಳದವರೇ ಇಟ್ಟಿರಬೇಕು. ಅಲೆಪ್ಪೋ ಜನರು ಅದನ್ನು ‘ವರ್ಷದ ಕುರು’ ಎನ್ನುತ್ತಿದ್ದರು. ಸುಮಾರು ಒಂದು ವರ್ಷದಲ್ಲಿ ತಾನಾಗಿಯೇ ಮಾಯುವುದು, ಕಲೆ ಮಾತ್ರ ಜೀವಾವಧಿ ಉಳಿಯುವುದು.

ಒಮ್ಮೆ ಬಂದವರಿಗೆ ಮತ್ತೆ ಬರುವುದು ಅಪರೂಪವೆಂಬುದನ್ನು ಅಲ್ಲಿಯ ಜನರು ಬಹುಹಿಂದೆಯೇ ಕಂಡುಕೊಂಡಿದ್ದರು. ಆದಕಾರಣ ಹುಣ್ಣಿನ ರಸವನ್ನು ಮಕ್ಕಳ ಮೈಯಲ್ಲಿ ಬಟ್ಟೆ ಮುಚ್ಚುವ ಭಾಗಕ್ಕೆ ಚುಚ್ಚಿ ಹಚ್ಚುವ ಪದ್ಧತಿ ಮಧ್ಯಪ್ರಾಚ್ಯದಲ್ಲಿ ಹುಟ್ಟಿತು. ಕಲೆಯಂತೂ ತಪ್ಪದು, ಅದು ಮಗಳ ಕೆನ್ನೆಯ ಮೇಲೆ ಬೀಳದಿರಲಿ ಎಂಬುದಷ್ಟೇ ತಾಯಿಯ ಲೆಕ್ಕಾಚಾರ.

ರೋಗಕ್ಕೆ ಕಾರಣವಾದ ಏಕಕಣಜೀವಿಯನ್ನು ಕುರಿತು ತಾಷ್ಕೆಂಟಿನ ಬೊರೋವ್ಸ್ಕಿ ೧೮೯೮ರಲ್ಲಿ ಬರೆದುದು ರಷ್ಯನ್ ಭಾಷೆಯಲ್ಲಿದ್ದುದರಿಂದ ಹೊರಗಿನವರ ಕಣ್ಣಿಗೆ ಬೀಳಲಿಲ್ಲ. ೧೯೦೩ರಲ್ಲಿ ಬಾಸ್ಟನ್ನಿನ ರೈಟ್ ಎಂಬ ವೈದ್ಯನು ಆರ್ಮೇನಿಯಾದ ಮಗುವೊಂದರ ಹುಣ್ಣಿನಲ್ಲಿ ಅದನ್ನು ಮತ್ತೆ ಕಂಡನು. ಲೀಷ್ಮೇನಿಯ ಎಂದು ಅದರ ಹೆಸರು. ಮರಳುನೊಣದ ಕಡಿತದಿಂದ ಅದು ಚರ್ಮವನ್ನು ಸೇರುತ್ತದೆ.

ಸೇರಿದೊಡನೆ ದೇಹದ ಭಕ್ಷಕ ಕಣಗಳು ಅದನ್ನು ನುಂಗುತ್ತವೆ. ಬೇರೆ ಸೂಕ್ಷ್ಮಜೀವಿಯಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇದಾದರೋ ಆ ಸೆರೆಮನೆಯನ್ನೇ ಛತ್ರವಾಗಿ ಮಾಡಿಕೊಂಡು, ಒಳಗೇ ಕುಳಿತು ಸಂತಾನವನ್ನು ಬೆಳೆಸುತ್ತದೆ. ವಾರಗಳು ಕಳೆದ ಬಳಿಕ ಸಹಾಯಕ ಟಿ ಕಣಗಳು ಬಂದು ಗ್ಯಾಮಾ ಇಂಟರ್‌ಫೆರಾನ್ ಎಂಬ ದ್ರವ್ಯವನ್ನು ಸ್ರವಿಸುತ್ತವೆ. ಆ ಸಂಜ್ಞೆಯಿಂದ ಎಚ್ಚೆತ್ತ ಭಕ್ಷಕ ಕಣವು ನೈಟ್ರಿಕ್ ಆಕ್ಸೈಡನ್ನು ಹುಟ್ಟಿಸಿ ಒಳಗಿನ ಶತ್ರುವನ್ನು ಕೊಲ್ಲುತ್ತದೆ. ಟಿ ಕಣಗಳು ತಪ್ಪು ಸಂಜ್ಞೆಯನ್ನು ಕಳುಹಿಸಿದರೆ ಗತಿಯೇನು? ೧೯೮೦ರ ದಶಕದ ಕೊನೆಗೆ ಇಲಿಗಳಲ್ಲಿ ಇದು ಸ್ಪಷ್ಟವಾಯಿತು: ಒಂದೇ ರೋಗಾಣುವಿನಿಂದ ಒಂದು ತಳಿ ಗುಣವಾಯಿತು, ಇನ್ನೊಂದು ಸತ್ತಿತು. ನಮ್ಮ ಚರ್ಮದ ಹುಣ್ಣು ಕೂಡ ಬಹುಮಟ್ಟಿಗೆ ಈ ಕಾಳಗದ ಗಾಯವೇ.

ಇರಾಕಿನೊಡನೆ ಯುದ್ಧ ನಡೆದ ೧೯೮೦ರ ದಶಕದಲ್ಲಿ ಇರಾನ್ ಸರಕಾರವು ಹತ್ತು ಲಕ್ಷಕ್ಕೂ ಮಿಕ್ಕ ಜನರಿಗೆ, ಸೈನಿಕರನ್ನೂ ಸೇರಿಸಿ, ಜೀವಂತ ರೋಗಾಣುವನ್ನೇ ಚುಚ್ಚಿಸಿತು. ತಾಯಂದಿರ ಉಪಾಯ ಫಲಿಸಿತು. ಆದರೆ ಕೆಲವರ ಹುಣ್ಣು ಬಹುಕಾಲ ಮಾಯಲೇ ಇಲ್ಲ. ಆ ಕಾರ್ಯವನ್ನು ನಿಲ್ಲಿಸಬೇಕಾಯಿತು.

ಸತ್ತ ರೋಗಾಣುಗಳಿಂದ ಲಸಿಕೆ ಮಾಡಬಾರದೆ? ಮಾಡಿ ನೋಡಿದರು, ಸಾಕಷ್ಟು ರಕ್ಷಣೆ ದೊರೆಯಲಿಲ್ಲ. ಕಾರಣದ ಒಂದಂಶ ೨೦೦೨ರ ಇಲಿಗಳ ಪ್ರಯೋಗದಲ್ಲಿ ಕಂಡಿತು. ಹುಣ್ಣು ಮಾಯ್ದ ಮೇಲೂ ಕೆಲವು ರೋಗಾಣುಗಳು ಒಳಗೆ ಉಳಿದಿರುತ್ತವೆ. ಅವು ನಿಶ್ಶೇಷವಾದ ಇಲಿಗಳು ರಕ್ಷಣೆಯನ್ನೂ ಕಳೆದುಕೊಂಡವು. ಆದ್ದರಿಂದಲೇ ಸಂಶೋಧಕರು ಸೆಂಟ್ರಿನ್ ಎಂಬ ಒಂದು ಜೀನನ್ನು ಕಿತ್ತುಹಾಕಿದ ಲೀಷ್ಮೇನಿಯವನ್ನು ಸಿದ್ಧಪಡಿಸಿ, ೨೦೨೦ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಅದು ಇಲಿಯ ದೇಹದಲ್ಲಿ ಬದುಕಿರುತ್ತದೆ, ರಕ್ಷಣೆಯನ್ನು ಕೊಡುತ್ತದೆ, ಹುಣ್ಣು ಮಾತ್ರ ಏಳುವುದಿಲ್ಲ.