ಮಾಲವಣ–ಸಿಂಧುದುರ್ಗ (ದ್ವೀಪ ಪ್ರವಾಸ)

ಕೆರಿಬಿಯನ್ ದ್ವೀಪಗಳ ಹವಳ, ಬಿಳಿ ಮರಳು, ದೋಣಿ ವಿಹಾರ ಇವೆಲ್ಲಕ್ಕೂ ಚಿಕ್ಕೋಡಿ ಸೀಮೆಯವರಿಗೆ ಹತ್ತಿರದ ಸಾಟಿ ಮಹಾರಾಷ್ಟ್ರದ ಕೊಂಕಣ ಕರಾವಳಿಯ ಮಾಲವಣ. ಅಥಣಿ, ಕಾಗವಾಡ, ರಾಯಬಾಗದವರು ಚಿಕ್ಕೋಡಿ ಮೇಲೆ ನಿಪ್ಪಾಣಿ ತಲುಪಿದರೆ ಮುಂದೆ ರಾಧಾನಗರಿ, ದಾಜಿಪುರ ಕಾಡು ದಾಟಿ ಫೋಂಡಾ ಘಾಟ್ ಇಳಿಯಬಹುದು. ಕಬ್ಬಿನ ಹೊಲ ಹಿಂದಾಗಿ ದಟ್ಟ ಅಡವಿ ಎದುರಾಗುವ ಈ ದಾರಿಯೇ ಅರ್ಧ ಪ್ರವಾಸ.

ಊರಿನ ಎದುರಿಗೇ ಸಮುದ್ರದಲ್ಲಿರುವ ಕುರಟೆ ದ್ವೀಪದ ಮೇಲೆ ಶಿವಾಜಿ ಮಹಾರಾಜರು 1664ರಿಂದ 1667ರವರೆಗೆ ಕಟ್ಟಿಸಿದ ಸಿಂಧುದುರ್ಗ ನಿಂತಿದೆ. ವಿಸ್ತಾರ ಸುಮಾರು 48 ಎಕರೆ. ಮಾಲವಣ ಜೆಟ್ಟಿಯಿಂದ ದೋಣಿಯಲ್ಲಿ ಬರುವವರಿಗೆ ಮೊದಲು ಬರೀ ಗೋಡೆಯೇ ಕಾಣುತ್ತದೆ. ಬಾಗಿದ ಕೋಟೆಗೋಡೆಯ ಮರೆಯಲ್ಲಿ ಹೆಬ್ಬಾಗಿಲನ್ನು ಅಡಗಿಸಿಟ್ಟಿದ್ದು, ತೀರಾ ಸಮೀಪಿಸಿದ ಮೇಲಷ್ಟೇ ಅದು ತೆರೆದುಕೊಳ್ಳುತ್ತದೆ. ಸುತ್ತಲೂ ಉಪ್ಪುನೀರಿದ್ದರೂ ಒಳಗೆ ಮೂರು ಸಿಹಿನೀರಿನ ಬಾವಿಗಳಿವೆ: ದೂಧ, ದಹಿ, ಸಾಖರ. ಶಿವಾಜಿಯವರ ಮೂರ್ತಿಯನ್ನೇ ಪೂಜಿಸುವ ಶಿವರಾಜೇಶ್ವರ ಗುಡಿಯೂ ಇಲ್ಲಿದೆ. ಕೋಟೆಯನ್ನು ಅವಸರದಲ್ಲಿ ಸುತ್ತಿ ಬರುವುದು ನಷ್ಟವೇ ಸರಿ.

ಮಾಲವಣದ ಕಡಲೊಳಗೂ ಹವಳದ ಬಂಡೆಗಳಿವೆ. 1987ರಲ್ಲಿ ಈ ಕಡಲಭಾಗವನ್ನು ಸಾಗರ ಅಭಯಾರಣ್ಯವೆಂದು ಘೋಷಿಸಲಾಯಿತು. ಸ್ನಾರ್ಕೆಲಿಂಗ್, ಸ್ಕೂಬಾ ಡೈವಿಂಗ್ ನಡೆಯುವ ಈ ನೀರಿನಲ್ಲಿ ಹವಳ ಮುರಿಯುವುದಾಗಲಿ, ತುಳಿಯುವುದಾಗಲಿ ಸಲ್ಲದು.

ಮಾಲವಣದ ದಕ್ಷಿಣಕ್ಕೆ ತಾರಕರ್ಲಿ ಬೀಚ್; ಅದರಾಚೆ ದೇವಬಾಗದಲ್ಲಿ ಕರ್ಲಿ ನದಿ ಸಮುದ್ರ ಸೇರುತ್ತದೆ. ಊಟಕ್ಕೆ ಸುರಮಯಿ ಮೀನು, ಜೊತೆಗೆ ಕೋಕಂ ಮತ್ತು ತೆಂಗಿನಹಾಲಿನ ಸೋಲಕಢಿ.

ಮಳೆಗಾಲದಲ್ಲಿ ಕಡಲು ಪ್ರಕ್ಷುಬ್ಧವಾಗುವುದರಿಂದ ಪ್ರವಾಸಿ ದೋಣಿಗಳು ನಿಲ್ಲುತ್ತವೆ. ಮರಳುವಾಗ ಸಾವಂತವಾಡಿ, ಆಂಬೋಲಿ, ಆಜರಾ ಮಾರ್ಗವಾಗಿ ಸಂಕೇಶ್ವರಕ್ಕೂ ಬರಬಹುದು.